ಒಂದು ಸಾಲಿನ ಹಿಂಬರಹ

ಎಲ್ಲರಿಗೂ ನಮಸ್ಕಾರ.

ಬೆಂಗಳೂರಿನ ಯಾವುದಾದರೂ ಸರ್ಕಾರಿ ಕಚೇರಿಗೆ ಅರ್ಜಿ ಕೊಟ್ಟು ಓಡಾಡಿದವರಿಗೆ ಈ ಸಾಲು ಗೊತ್ತು: "ತಮ್ಮ ಮನವಿಯನ್ನು ಪರಿಶೀಲಿಸಲಾಗಿದ್ದು, ನಿಯಮಾನುಸಾರ ಅವಕಾಶವಿರುವುದಿಲ್ಲವೆಂದು ಈ ಮೂಲಕ ತಿಳಿಯಪಡಿಸಲಾಗಿದೆ." ಕೆಳಗೆ ಸಹಿ, ಮೊಹರು. ಪರಿಶೀಲಿಸಿದವರು ಯಾರು? ಯಾವ ನಿಯಮ? ಯಾಕೆ ಅವಕಾಶವಿಲ್ಲ? ಹಿಂಬರಹ, ಅಂದರೆ ಅರ್ಜಿಗೆ ಕಚೇರಿ ಬರೆದುಕೊಡುವ ಈ ಉತ್ತರ, ಬಾಯಿ ಬಿಡುವುದಿಲ್ಲ. ಅಧಿಕಾರಿಗಳ ತೀರ್ಮಾನಗಳಿಗೆ ಕಟ್ಟು ಹಾಕುವ ಆಡಳಿತ ಕಾನೂನಿನ ಮುಕ್ಕಾಲು ಪಾಲು ಈ ಪ್ರಶ್ನೆಗಳಲ್ಲೇ ಇದೆ.

ಕಾನೂನು "ಮಾಡತಕ್ಕದ್ದು" ಎಂದಲ್ಲಿ ಅಧಿಕಾರಿಗೆ ಆಯ್ಕೆಯಿಲ್ಲ. "ಮಾಡಬಹುದು" ಎಂದಲ್ಲಿ ಸಾಮಾನ್ಯವಾಗಿ ವಿವೇಚನಾಧಿಕಾರ, ಅಂದರೆ ಸಂದರ್ಭ ನೋಡಿ ತೀರ್ಮಾನಿಸುವ ಅಧಿಕಾರ, ಇರುತ್ತದೆ. ಅದು ಇರಲೇಬೇಕು, ನಾಳೆ ಎದುರಾಗುವ ಪ್ರತಿಯೊಂದು ಸಂದರ್ಭವನ್ನೂ ಶಾಸನಸಭೆ ಇವತ್ತೇ ಊಹಿಸಿ ಬರೆದಿಡಲಾಗದು. "ಬಹುದು" ಅಂದರೆ "ನನ್ನಿಷ್ಟ" ಎಂದು ಓದಿಕೊಂಡಾಗ ತೊಂದರೆ ಶುರುವಾಗುತ್ತದೆ. ಮನಸೋಇಚ್ಛೆ ಅಧಿಕಾರ ಚಲಾಯಿಸುವುದು ಸಮಾನತೆಯ ಹಕ್ಕು ಕೊಡುವ ಸಂವಿಧಾನದ 14ನೇ ವಿಧಿಗೇ ವಿರುದ್ಧ ಎಂದು 1974ರ ರಾಯಪ್ಪ ಪ್ರಕರಣದಿಂದೀಚೆಗೆ ಸುಪ್ರೀಂ ಕೋರ್ಟ್ ಹೇಳುತ್ತಲೇ ಬಂದಿದೆ.

ಮೊದಲ ಪ್ರಶ್ನೆ: ತೀರ್ಮಾನ ಯಾರದು? ಇದಕ್ಕೆ ದೂರ ಹೋಗಬೇಕಿಲ್ಲ, ನಮ್ಮ ಸದಾಶಿವನಗರದ ಉದಾಹರಣೆಯೇ ಸಾಕು. ಅಲ್ಲಿನ ಬಡಾವಣೆ ಯೋಜನೆಯಲ್ಲಿ ಪಾರ್ಕಿಗೆಂದು ಬಿಟ್ಟಿದ್ದ ಜಾಗವನ್ನು ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ) ಖಾಸಗಿ ನರ್ಸಿಂಗ್ ಹೋಮ್ ಕಟ್ಟಲು ಹಂಚಿಕೆ ಮಾಡಿತು. ಇದು ನಡೆದದ್ದು ಮುಖ್ಯಮಂತ್ರಿಯವರ ಆದೇಶದಂತೆ. ನಿವಾಸಿಗಳು ಹೈಕೋರ್ಟಿಗೆ ಹೋದರು. ಏಕಸದಸ್ಯ ಪೀಠದಲ್ಲಿ ಸೋತರು, ವಿಭಾಗೀಯ ಪೀಠದಲ್ಲಿ ಗೆದ್ದರು. 1991ರಲ್ಲಿ ಸುಪ್ರೀಂ ಕೋರ್ಟ್, ಬೆಂಗಳೂರು ಮೆಡಿಕಲ್ ಟ್ರಸ್ಟ್ ವಿರುದ್ಧ ಮುದ್ದಪ್ಪ ಪ್ರಕರಣದಲ್ಲಿ, ಆ ಗೆಲುವನ್ನು ಎತ್ತಿಹಿಡಿಯಿತು.

ಆಸ್ಪತ್ರೆಯೂ ಜನರಿಗೆ ಬೇಕಾದದ್ದೇ ಅಲ್ಲವೇ ಎಂದು ಯಾರಾದರೂ ಕೇಳಬಹುದು. ಗಂಟು ಇದ್ದದ್ದು ಬೇರೆ ಕಡೆ. 1976ರ ಬಿಡಿಎ ಕಾಯ್ದೆಯ ಪ್ರಕಾರ, ಯೋಜನೆಯಲ್ಲಿ ಸುಧಾರಣೆ ಸಾಧ್ಯವೆಂದು ಪ್ರಾಧಿಕಾರಕ್ಕೆ ಕಂಡರೆ ಅದು ಯೋಜನೆಯನ್ನು ಮಾರ್ಪಡಿಸಬಹುದು. ಹಾಗೆ ಕಾಣಬೇಕಾದದ್ದು ಪ್ರಾಧಿಕಾರಕ್ಕೆ, ಮುಖ್ಯಮಂತ್ರಿಗಲ್ಲ. ಪ್ರಾಧಿಕಾರ ತಾನಾಗಿ ಏನನ್ನೂ ಯೋಚಿಸಿರಲಿಲ್ಲ, ಮೇಲಿನಿಂದ ಬಂದದ್ದಕ್ಕೆ ಮುದ್ರೆ ಒತ್ತಿತ್ತು. ಕುರ್ಚಿ ಎಷ್ಟೇ ದೊಡ್ಡದಿರಲಿ, ಕಾನೂನು ಆ ಅಧಿಕಾರವನ್ನು ಕೊಟ್ಟಿರದಿದ್ದರೆ ಅಲ್ಲಿಂದ ಬಂದ ಆದೇಶಕ್ಕೆ ಬಲವಿಲ್ಲ. ಪಕ್ಕದ ಮನೆಯವರಿಗೆ ಪಾರ್ಕಿನ ವಿಷಯದಲ್ಲಿ ದಾವೆ ಹೂಡುವ ಹಕ್ಕೆಲ್ಲಿದೆ ಎಂಬ ವಾದವೂ ಅಲ್ಲಿ ನಿಲ್ಲಲಿಲ್ಲ.

ಇದೇ ಮಾತು ಸುಪ್ರೀಂ ಕೋರ್ಟಿನಿಂದ 1951ರಲ್ಲೇ ಬಂದಿತ್ತು. ಬೊಂಬಾಯಿಯ ಪೊಲೀಸ್ ಕಮಿಷನರ್ ಸಿನಿಮಾ ಮಂದಿರಕ್ಕೆ ಕೊಟ್ಟಿದ್ದ ಅನುಮತಿ ಸರ್ಕಾರದ ಸೂಚನೆಯ ಮೇರೆಗೆ ರದ್ದಾಯಿತು. ರದ್ದು ಮಾಡುವ ಅಧಿಕಾರವಿದ್ದದ್ದು ಕಮಿಷನರಿಗೆ. ಅವರು ಅದನ್ನು ಸ್ವಂತ ಬುದ್ಧಿಯಿಂದ ಚಲಾಯಿಸಿರಲಿಲ್ಲ. ಅದು ಗೋರ್ಧನದಾಸ್ ಭಾಂಜಿ ಪ್ರಕರಣ. ಅಧಿಕಾರಿ ಆದೇಶದಲ್ಲಿ ಬರೆದದ್ದೇ ಮುಖ್ಯ, ಮನಸ್ಸಿನಲ್ಲಿ ಏನಿತ್ತೆಂದು ಆಮೇಲೆ ಕೊಡುವ ವಿವರಣೆಯಲ್ಲ ಎಂದದ್ದೂ ಅಲ್ಲೇ. ಮೊಹಿಂದರ್ ಸಿಂಗ್ ಗಿಲ್ ಪ್ರಕರಣ ಅದನ್ನು ಇನ್ನಷ್ಟು ಬಿಗಿಗೊಳಿಸಿತು. ಆದೇಶದಲ್ಲಿ ಇಲ್ಲದ ಕಾರಣವನ್ನು ಕೋರ್ಟಿನಲ್ಲಿ ಅಫಿಡವಿಟ್ ಹಾಕಿ ತುರುಕಲಾಗದು. ಆ ಒಂದು ಸಾಲಿನ ಹಿಂಬರಹ ಬಡವಾಗುವುದು ಇಲ್ಲಿ. ಬರೆದುಕೊಟ್ಟವರೇ ತಮ್ಮ ಕೈ ಕಟ್ಟಿಹಾಕಿಕೊಂಡಿರುತ್ತಾರೆ.

ಇನ್ನು ಸಹಜ ನ್ಯಾಯ, ಅಂದರೆ ವಿರುದ್ಧ ತೀರ್ಮಾನ ಮಾಡುವ ಮೊದಲು ಆ ವ್ಯಕ್ತಿಯ ಮಾತು ಕೇಳಬೇಕೆಂಬ ತತ್ವ. ಕಟ್ಟಡ ತೆರವನ್ನೇ ತೆಗೆದುಕೊಳ್ಳಿ. ನಮ್ಮ ಪಾಲಿಕೆ ಕಾನೂನುಗಳ ಹೆಸರು, ಸೆಕ್ಷನ್ನುಗಳ ಸಂಖ್ಯೆ ಬದಲಾಗಿವೆ. 1976ರ ಕರ್ನಾಟಕ ಪಾಲಿಕೆಗಳ ಕಾಯ್ದೆಯ 321ನೇ ಸೆಕ್ಷನ್ ಹಾಕಿಕೊಟ್ಟ ಕ್ರಮ ಹೀಗಿತ್ತು: ಮೊದಲು ತಾತ್ಕಾಲಿಕ ಆದೇಶ, ಅದರ ಜೊತೆ ಕಾರಣ ಕೇಳುವ ನೋಟಿಸ್, ಉತ್ತರ ನೋಡಿದ ಮೇಲೆ ಸ್ಥಿರೀಕರಣ ಆದೇಶ. 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಇನ್ನಷ್ಟು ಸೇರಿಸಿತು. ನೋಟಿಸ್ ರಿಜಿಸ್ಟರ್ಡ್ ಅಂಚೆಯಲ್ಲಿ ಹೋಗಬೇಕು, ಕಟ್ಟಡದ ಮೇಲೂ ಅಂಟಿಸಬೇಕು. ತಲುಪಿದ ದಿನದಿಂದ 15 ದಿನ ಅಥವಾ ಸ್ಥಳೀಯ ಕಾನೂನು ಕೊಡುವ ಅವಧಿ, ಯಾವುದು ಹೆಚ್ಚೋ ಅಷ್ಟು. ಖುದ್ದು ವಿಚಾರಣೆ ನಡೆಯಬೇಕು, ಅದರ ನಡಾವಳಿ ಬರೆದಿಡಬೇಕು. ಅಂತಿಮ ಆದೇಶದ ನಂತರವೂ 15 ದಿನ ಕಾಯಬೇಕು. ರಸ್ತೆ, ಫುಟ್‌ಪಾತ್, ಜಲಮೂಲಗಳಂಥ ಸಾರ್ವಜನಿಕ ಜಾಗದ ಒತ್ತುವರಿಗೆ ಈ ರಕ್ಷಣೆ ಇಲ್ಲ. ರಾಜಕಾಲುವೆ ವಿಚಾರ ಬಂದಾಗ ಇದನ್ನು ಮರೆಯಬೇಡಿ.

ಕಚೇರಿಗಳು ಸಾಮಾನ್ಯವಾಗಿ ಎಡವುವುದು ಹಿಂದಿನ ತಾರೀಕು ಹಾಕಿದ ನೋಟಿಸಿನಲ್ಲಿ. ಹಾಗಾಗಿ ಲಕೋಟೆ ಬಿಸಾಡಬೇಡಿ, ಅಂಚೆ ಮೊಹರೇ ಸಾಕ್ಷಿ. ಉತ್ತರವನ್ನು ಟಪಾಲಿನಲ್ಲಿ ಕೊಟ್ಟು ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಮಾಹಿತಿ ಹಕ್ಕಿನಲ್ಲಿ ಆದೇಶದ ನಕಲನ್ನಷ್ಟೇ ಅಲ್ಲ, ಕಡತದ ಟಿಪ್ಪಣಿ ಹಾಳೆಗಳನ್ನೂ ಕೇಳಿ. ನಮ್ಮ ರಾಜ್ಯದಲ್ಲಿ ಅರ್ಜಿ ಶುಲ್ಕ 10 ರೂಪಾಯಿ, ಒಂದೇ ವಿಷಯ, 150 ಪದದೊಳಗೆ ಬರೆಯಬೇಕು. ಕಡತ ನೋಡಿಕೊಳ್ಳುವ ಗುಮಾಸ್ತರು, ಅಂದರೆ ವಿಷಯ ನಿರ್ವಾಹಕರು, "ಪರಿಗಣಿಸಬಹುದು" ಎಂದು ಬರೆದದ್ದರ ಕೆಳಗೆ "ಚರ್ಚಿಸಿದಂತೆ ತಿರಸ್ಕರಿಸಿ" ಎಂಬ ಷರಾ ಸಿಕ್ಕರೆ, ಚರ್ಚೆ ಯಾರ ಜೊತೆ ಎಂಬುದೇ ನಿಮ್ಮ ಪ್ರಕರಣ.

ಸರ್ಕಾರಿ ಆದೇಶವನ್ನು ಪ್ರಶ್ನಿಸಿ ಹೈಕೋರ್ಟಿಗೆ ಹಾಕುವ ರಿಟ್ ಅರ್ಜಿಯಲ್ಲಿ ದುರುದ್ದೇಶದ ಆರೋಪವನ್ನು ಉಪ್ಪಿನಕಾಯಿಯಂತೆ ಎಲ್ಲದಕ್ಕೂ ನಂಚಿಕೊಳ್ಳುವ ಚಾಳಿ ಬಿಡಬೇಕು. ಆ ಆರೋಪ ಮಾಡಿದರೆ ಅಧಿಕಾರಿಯನ್ನು ಹೆಸರು ಹಿಡಿದು ಪ್ರತಿವಾದಿ ಮಾಡಬೇಕು, ರುಜುವಾತಿನ ಭಾರ ಪೂರ್ತಿ ನಿಮ್ಮದೇ. ಕಾರಣವಿಲ್ಲದ ಆದೇಶ ಎಂದು ತೋರಿಸುವುದು ಅದಕ್ಕಿಂತ ಎಷ್ಟೋ ಸುಲಭ. ಮೇಲ್ಮನವಿಯ ದಾರಿ ಇದ್ದರೆ ಹೈಕೋರ್ಟ್ ಸಾಮಾನ್ಯವಾಗಿ ಅಲ್ಲಿಗೇ ಕಳಿಸುತ್ತದೆ. ಅಧಿಕಾರವೇ ಇಲ್ಲದವರು ಆದೇಶ ಮಾಡಿದ್ದರೆ, ಸಹಜ ನ್ಯಾಯ ಮೀರಿದ್ದರೆ ಆ ಮಾತು ಬೇರೆ.

ಗೆದ್ದರೂ ಬಹುಪಾಲು ಸಿಗುವುದು ಪರವಾನಗಿಯಲ್ಲ, ಮರುಪರಿಶೀಲನೆ. ನ್ಯಾಯಾಲಯ ಅಧಿಕಾರಿಯ ಕುರ್ಚಿಯಲ್ಲಿ ಕೂರುವುದಿಲ್ಲ. ಕಡತ ವಾಪಸ್ಸು ಹೋಗಿ, ಸರಿಯಾದ ಕಾರಣ ಬರೆದು, ಅದೇ "ಇಲ್ಲ" ಮತ್ತೆ ಬರಬಹುದು. ಆಗ ಮೊದಲು ನೋಡಬೇಕಾದದ್ದು ತಾರೀಕುಗಳನ್ನು: ನಿಮ್ಮ ವಿಚಾರಣೆ ಎಂದು ನಡೆಯಿತು, ಆದೇಶದ ಕರಡು ಕಡತದಲ್ಲಿ ಎಂದು ಮಂಡನೆಯಾಯಿತು?