‘ಏನೂ ಇಲ್ಲ’ ಅನ್ನುವ ಚೇಸ್ ಕೌಂಟಿ

ಎಲ್ಲರಿಗೂ ನಮಸ್ಕಾರ, ಯುಗಾದಿಯ ಶುಭಾಶಯಗಳು.

ಇವತ್ತು ಬೆಳಿಗ್ಗೆ ವಿಚಿಟಾದಿಂದ ಕಾನ್ಸಾಸ್ ಸಿಟಿಗೆ ಕಾರಿನಲ್ಲಿ ಬಂದವರು ನಾನೊಬ್ಬನೇ ಅಲ್ಲ, ಇಲ್ಲಿ ಇನ್ನೂ ಮೂರ್ನಾಲ್ಕು ಕುಟುಂಬಗಳಿವೆ. ನಮ್ಮೆಲ್ಲರ ಬಟ್ಟೆಯಲ್ಲೂ ಹೊಗೆಯ ವಾಸನೆ. ಬಾಗಿಲಲ್ಲಿ ಒಬ್ಬ ತಾಯಿ ಕೇಳಿದರು: “ದಾರಿಯಲ್ಲಿ ಗುಡ್ಡಕ್ಕೆ ಗುಡ್ಡವೇ ಉರೀತಾ ಇದೆಯಲ್ಲ ಸಾರ್, ಯಾರೂ ಆರಿಸೋದಿಲ್ವಾ?” ನಾನು ಬಾಯಿ ತೆರೆಯುವ ಮೊದಲೇ ಅವರ ಮಗ ಹೇಳಿಬಿಟ್ಟ: “ಅಲ್ಲಿ ಏನೂ ಇಲ್ಲ ಅಮ್ಮ, ಬರೀ ಹುಲ್ಲು.”

ಸಂಘದವರು ನನಗೆ ಕೊಟ್ಟಿದ್ದ ವಿಷಯ ಕಾನ್ಸಾಸ್ ರಾಜ್ಯದ ಇತಿಹಾಸ. ಆ ಹುಡುಗನ ಮಾತು ಕೇಳಿದ ಮೇಲೆ ನನ್ನ ಟಿಪ್ಪಣಿಯಲ್ಲಿ ಮುಕ್ಕಾಲು ಪಾಲು ಬದಿಗಿಟ್ಟಿದ್ದೇನೆ. ಅವನು ‘ಏನೂ ಇಲ್ಲ’ ಅಂದ ಜಾಗದ ಹೆಸರು ಚೇಸ್ ಕೌಂಟಿ. ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ. ನನಗೆ ಕೊಟ್ಟಿರುವ ಅರ್ಧ ಗಂಟೆ ಅದಕ್ಕೇ ಮೀಸಲು.

ಮೊದಲು ನೆಲ. ಅಲ್ಲಿನ ಗುಡ್ಡಗಳಿಗೆ ಫ್ಲಿಂಟ್ ಹಿಲ್ಸ್ ಅಂತ ಹೆಸರು. ಫ್ಲಿಂಟ್ ಅಂದರೆ ನಮ್ಮ ಚಕಮಕಿ ಕಲ್ಲು. ಇಪ್ಪತ್ತೆಂಟು ಕೋಟಿ ವರ್ಷಗಳ ಹಿಂದೆ, ಹೆಚ್ಚುಕಡಿಮೆ, ಇಲ್ಲಿ ಆಳವಿಲ್ಲದ ಸಮುದ್ರವಿತ್ತು. ಅದರ ತಳದಲ್ಲಿ ಸುಣ್ಣದ ಕಲ್ಲು ಪದರಪದರವಾಗಿ ಕೂತಿತು, ನಡುನಡುವೆ ಚಕಮಕಿ ಗಂಟುಗಳು ಸೇರಿಕೊಂಡವು. ಸುಣ್ಣದ ಕಲ್ಲು ಸವೆಯುತ್ತದೆ, ಚಕಮಕಿ ಸವೆಯುವುದಿಲ್ಲ. ಹಾಗಾಗಿ ಗುಡ್ಡದ ಮೇಲೆ ಮಣ್ಣು ತೆಳು, ಕೆಳಗೆಲ್ಲ ಕಲ್ಲು. ನೇಗಿಲು ಹೂಡಿದವನ ಗುಳ ಮುರಿಯಿತು.

ಗುಳ ಮುರಿದದ್ದೇ ಆ ನೆಲದ ಪುಣ್ಯ. ಉತ್ತರ ಅಮೆರಿಕದಲ್ಲಿ ಒಂದು ಕಾಲಕ್ಕೆ ಸುಮಾರು 17 ಕೋಟಿ ಎಕರೆ ಎತ್ತರಕ್ಕೆ ಬೆಳೆಯುವ ಹುಲ್ಲಿನ ಬಯಲು ಇತ್ತು. ಐಯೋವಾ, ಇಲಿನಾಯ್ ಎಲ್ಲ ಉತ್ತು ಮೆಕ್ಕೆಜೋಳದ ಹೊಲವಾದವು. ಇವತ್ತು ಉಳಿದಿರುವುದು ನೂರಕ್ಕೆ ನಾಲ್ಕು ಪಾಲೂ ಇಲ್ಲ. ಆ ಉಳಿದದ್ದರಲ್ಲೂ ಹೆಚ್ಚಿನದು ಈ ಗುಡ್ಡಗಳಲ್ಲೇ ಇದೆ. ಜಗತ್ತಿನಲ್ಲಿ ಹೆಚ್ಚುಕಡಿಮೆ ಮುಗಿದೇ ಹೋದದ್ದೊಂದು ನಿಮ್ಮ ಕಾರಿನ ಕಿಟಕಿಯ ಹೊರಗೆ ನಿಂತಿದೆ, ನಾವು ಏನೂ ಇಲ್ಲ ಅನ್ನುತ್ತೇವೆ!

ಬಿಗ್ ಬ್ಲೂಸ್ಟೆಮ್ ಅನ್ನುವ ಹುಲ್ಲು ಮಳೆ ಚೆನ್ನಾಗಿ ಬಿದ್ದ ವರ್ಷ ಸೆಪ್ಟೆಂಬರಿಗೆ ಆಳೆತ್ತರ ದಾಟುತ್ತದೆ. ಬೇರು ನೆಲದೊಳಗೆ ಎಂಟು ಹತ್ತು ಅಡಿ ಇಳಿಯುತ್ತದೆ. ಬೆಂಕಿ ಸುಡುವುದು ಮೇಲಿನ ಒಣ ತಾಳನ್ನು ಮಾತ್ರ. ಕಪ್ಪಾದ ನೆಲ ಬಿಸಿಲಿಗೆ ಬೇಗ ಕಾಯುತ್ತದೆ, ಕೆಲವೇ ದಿನಗಳಲ್ಲಿ ಹಸಿರು ಚಿಗುರು. ಆ ಚಿಗುರು ಮೇಯಲು ಹಿಂದೆ ಟೆಕ್ಸಾಸ್‌ನಿಂದ ರೈಲಿನಲ್ಲಿ ದನ ಬರುತ್ತಿದ್ದವು, ಈಗ ಲಾರಿಯಲ್ಲಿ ಬರುತ್ತವೆ. ಬೆಂಕಿ ಹಾಕದೆ ಬಿಟ್ಟರೆ? ರೆಡ್ ಸೀಡರ್ ಗಿಡ ನುಗ್ಗುತ್ತದೆ, ಇಪ್ಪತ್ತು ಮೂವತ್ತು ವರ್ಷದಲ್ಲಿ ಹುಲ್ಲಿನ ಜಾಗದಲ್ಲಿ ಕುರುಚಲು ಕಾಡು. ಬಿಳಿಯರು ಬರುವ ಮೊದಲೂ ಇಲ್ಲಿನ ಜನ ಬೆಂಕಿ ಹಾಕುತ್ತಿದ್ದರು. ಆದ್ದರಿಂದ ಆ ತಾಯಿಗೆ ನನ್ನ ಉತ್ತರ: ಅದು ಬಿದ್ದ ಬೆಂಕಿ ಅಲ್ಲಮ್ಮ, ಹಾಕಿದ ಬೆಂಕಿ. ಆರಿಸುವವರು ಪಕ್ಕದಲ್ಲೇ ನೀರಿನ ಟ್ಯಾಂಕು ಇಟ್ಟುಕೊಂಡು ನಿಂತಿರುತ್ತಾರೆ.

ಹೊಗೆಯಿಂದ ತೊಂದರೆಯೇ ಇಲ್ಲ ಅಂತ ನಾನು ಹೇಳುವುದಿಲ್ಲ. ಈ ಸಭಾಂಗಣದಲ್ಲೇ ಅಸ್ತಮಾ ಇರುವ ಮಕ್ಕಳಿದ್ದಾರೆ. ವರ್ಷವರ್ಷವೂ ಇಡೀ ಗುಡ್ಡ ಸುಟ್ಟರೆ ಪ್ರೇರಿ ಕೋಳಿ ಅನ್ನುವ ಹುಲ್ಲುಗಾವಲಿನ ಹಕ್ಕಿಗೆ ಗೂಡು ಕಟ್ಟಲು ಮರೆಯೇ ಉಳಿಯುವುದಿಲ್ಲ. ಹಾಗಾಗಿ ಕೆಲವರು ಹುಲ್ಲುಗಾವಲನ್ನು ಮೂರು ಪಾಲು ಮಾಡಿ, ವರ್ಷಕ್ಕೊಂದು ಪಾಲು ಸುಡುತ್ತಾರೆ. ನನಗೆ ಒಪ್ಪಿಗೆಯಾಗುವ ದಾರಿ ಅದೇ.

ನಾನು ಅಜ್ಜಂಪುರದ ಕಡೆಯವನು. ಅಮೃತ್ ಮಹಲ್ ಕಾವಲಿನ, ಅಂದರೆ ಆ ತಳಿಯ ದನ ಮೇಯಲು ಮೀಸಲಿಟ್ಟ ಹುಲ್ಲುಗಾವಲಿನ, ಅಂಚಿನಲ್ಲಿ ಬೆಳೆದವನು. ಅಲ್ಲೂ ಹೊರಗಿನಿಂದ ಬಂದವರೆಲ್ಲ ‘ಪಾಳು ಬಿದ್ದಿದೆ’ ಅನ್ನುತ್ತಿದ್ದರು. ನಮ್ಮಜ್ಜನಿಗೆ ಆ ಮಾತು ಕೇಳಿದರೆ ಕೋಪ. “ಪಾಳು ಅಲ್ಲ ಕಣಪ್ಪ, ಕಾವಲು” ಅನ್ನುತ್ತಿದ್ದರು. ಚೇಸ್ ಕೌಂಟಿಯಲ್ಲಿ ಮೊದಲ ಸಲ ಕಾರು ನಿಲ್ಲಿಸಿ ಇಳಿದಾಗ ನನಗೆ ಬಾಯಿಗೆ ಬಂದ ಪದವೂ ಅದೇ, ಕಾವಲು.

ಈಗ ಒಂದು ಕತೆ. ನನ್ನ ಮನೆಯವರು ಮುಂದಿನ ಸಾಲಿನಲ್ಲಿದ್ದಾರೆ, ಇದನ್ನು ಎಷ್ಟನೇ ಸಲ ಕೇಳುತ್ತಿದ್ದಾರೋ, ಕ್ಷಮಿಸಬೇಕು. ವಿಮಾನದ ರೆಕ್ಕೆ ಲೆಕ್ಕ ಹಾಕಿ ನಿವೃತ್ತನಾದವನು ನಾನು, ಇದನ್ನು ಹೇಳದೆ ಇಳಿಯಲಾರೆ.

1931ರ ಮಾರ್ಚ್ 31. ಕಾನ್ಸಾಸ್ ಸಿಟಿಯಿಂದ ಹೊರಟ ಫಾಕರ್ ವಿಮಾನ, ವಿಚಿಟಾ ದಾರಿಯಾಗಿ ಲಾಸ್ ಏಂಜಲೀಸ್‌ಗೆ. ನೀವು ಇವತ್ತು ಬಂದ ದಾರಿಯದೇ ಆಕಾಶ ಅನ್ನಿ. ಒಳಗೆ ಎಂಟು ಜನ. ಅವರಲ್ಲಿ ಒಬ್ಬರು ಕ್ನೂಟ್ ರಾಕ್ನಿ, ನಾಟರ್ ಡೇಮ್ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡದ ತರಬೇತುದಾರ. ಆಗ ಅಮೆರಿಕದಲ್ಲಿ ಅವರ ಹೆಸರು ಕೇಳದವರಿರಲಿಲ್ಲ. ಆ ವಿಮಾನದ ರೆಕ್ಕೆ ಮರದ್ದು. ಹಲಗೆಗೆ ಹಲಗೆ ಅಂಟಿಸಿ ಮಾಡಿದ್ದು. ತೇವ ಒಳಗೆ ಸೇರಿ ಅಂಟು ಬಿಟ್ಟರೆ ಹೊರಗಿನಿಂದ ಕಾಣುವುದಿಲ್ಲ. ಒಳಗೆ ಇಣುಕಿ ನೋಡಲು ದಾರಿಯೂ ಇರಲಿಲ್ಲ. ಚೇಸ್ ಕೌಂಟಿಯ ಬಜಾರ್ ಅನ್ನುವ ಊರಿನ ಹತ್ತಿರ — ಹೌದು, ಊರಿನ ಹೆಸರೇ ಬಜಾರ್, ಅಂಗಡಿ ಮಾತ್ರ ಹುಡುಕಬೇಡಿ — ಮೋಡದ ನಡುವೆ ರೆಕ್ಕೆ ಮುರಿಯಿತು. ಎಂಟೂ ಜನ ಹೋದರು.

ಹತ್ತಿರದ ಮನೆಯೊಂದರಲ್ಲಿ 13 ವರ್ಷದ ಹುಡುಗನಿದ್ದ, ಈಸ್ಟರ್ ಹೀತ್‌ಮನ್. ಮೊದಲು ಓಡಿಬಂದು ನೋಡಿದವರಲ್ಲಿ ಅವನೂ ಒಬ್ಬ. ಆ ವಯಸ್ಸಿಗೆ ನೋಡಬಾರದ್ದನ್ನು ನೋಡಿದ. ಆಮೇಲೆ ಅಲ್ಲೊಂದು ಕಲ್ಲಿನ ಸ್ಮಾರಕ ನಿಂತಿತು, ಎಂಟು ಹೆಸರೂ ಅದರ ಮೇಲಿವೆ. ಅದು ಇರುವುದು ದನ ಮೇಯುವ ಖಾಸಗಿ ಕಾವಲಿನೊಳಗೆ, ದಾರಿ ಗೊತ್ತಿಲ್ಲದವರಿಗೆ ಸಿಗುವುದಿಲ್ಲ. ದೂರದೂರದಿಂದ ಜನ ಬಂದು ಕದ ತಟ್ಟಿದರೆ ಹೀತ್‌ಮನ್ ಅವರೇ ಗಾಡಿ ಹತ್ತಿಸಿಕೊಂಡು, ಗೇಟು ತೆಗೆದು, ಅಲ್ಲಿಗೆ ಕರೆದುಕೊಂಡು ಹೋಗುತ್ತಿದ್ದರು. ಹತ್ತಾರು ವರ್ಷ ಹೀಗೆ. ತೊಂಬತ್ತು ವರ್ಷ ಬದುಕಿ 2008ರಲ್ಲಿ ತೀರಿಕೊಂಡರು. ಯಾರೂ ಅವರಿಗೆ ಆ ಕೆಲಸ ವಹಿಸಿರಲಿಲ್ಲ.

ಆ ಅಪಘಾತದ ಮೇಲೆ ಜನರ ಆಕ್ರೋಶ ಎಷ್ಟಿತ್ತೆಂದರೆ, ಅದುವರೆಗೆ ಗುಟ್ಟಾಗಿಡುತ್ತಿದ್ದ ವಿಮಾನ ಅಪಘಾತದ ಕಾರಣಗಳನ್ನು ಸರ್ಕಾರ ಬಹಿರಂಗಪಡಿಸಬೇಕಾಯಿತು. ವಿಮಾನ ಕಂಪನಿಗಳು ಮರದ ರೆಕ್ಕೆ ಬಿಟ್ಟು ಲೋಹದ ಕಡೆ ತಿರುಗಿದವು. ಎರಡೇ ವರ್ಷದಲ್ಲಿ, 1933ಕ್ಕೆ, ಡಗ್ಲಸ್ ಕಂಪನಿಯ ಲೋಹದ ವಿಮಾನ ಡಿಸಿ-1 ಹಾರಿತು. ನಾವೆಲ್ಲ ಬೆಂಗಳೂರಿಗೆ ಹೋಗಿ ಬರುತ್ತೇವಲ್ಲ, ಆ ಧೈರ್ಯದ ಒಂದು ಪಾಲು ಆ ಹುಲ್ಲಿನ ಗುಡ್ಡದ ಮೇಲಿದೆ. ಏನೂ ಇಲ್ಲದ ಜಾಗದಲ್ಲಿ.

ಕಾರ್ಯದರ್ಶಿಗಳು ಗಡಿಯಾರ ತೋರಿಸುತ್ತಿದ್ದಾರೆ. ಒಬ್ಬಟ್ಟೂ ಕಾಯುತ್ತಿದೆ, ಬೇಗ ಮುಗಿಸುತ್ತೇನೆ. ಆದರೆ ಇದೊಂದನ್ನು ಬಿಡಲಾರೆ: ಖಾಲಿ ಅನ್ನಿಸುವ ನೆಲ ತಾನಾಗಿ ಖಾಲಿಯಾದದ್ದಲ್ಲ. ಈ ರಾಜ್ಯಕ್ಕೆ ಹೆಸರು ಕೊಟ್ಟವರೇ ಕಾನ್ಜಾ ಜನ, ಈಗ ಕಾ ಅನ್ನುತ್ತಾರೆ. ದಕ್ಷಿಣದ ಗಾಳಿಯ ಜನ ಅಂತ ಅರ್ಥ ಹೇಳುತ್ತಾರೆ. 1846ರ ಒಪ್ಪಂದದಲ್ಲಿ ಅವರನ್ನು ಪಕ್ಕದ ಕೌನ್ಸಿಲ್ ಗ್ರೋವ್ ಸುತ್ತ ಕೂಡಿದರು, 1873ರಲ್ಲಿ ಅಲ್ಲಿಂದಲೂ ಎಬ್ಬಿಸಿ ಇವತ್ತಿನ ಓಕ್ಲಹೋಮಾಕ್ಕೆ ಕಳಿಸಿದರು. ಅದೇ 1873ರಲ್ಲೇ ಕಾಟನ್‌ವುಡ್ ಫಾಲ್ಸ್‌ನಲ್ಲಿ ಚೇಸ್ ಕೌಂಟಿಯ ಸುಣ್ಣದ ಕಲ್ಲಿನ ಕೋರ್ಟ್‌ಹೌಸ್ ಕಟ್ಟಿ ಮುಗಿಯಿತು. ಬಹಳ ಚೆಂದದ ಕಟ್ಟಡ, ಕೆಂಪು ಮಾಡು, ಒಳಗೆ ವಾಲ್ನಟ್ ಮರದ ಸುತ್ತು ಮೆಟ್ಟಿಲು, ಇವತ್ತಿಗೂ ಕಚೇರಿ ನಡೆಯುತ್ತಿದೆ. ನಿಮ್ಮ ಮಕ್ಕಳಿಗೆ ಅದನ್ನು ತೋರಿಸುವಾಗ ಆ ಇಸವಿಯ ಎರಡೂ ಸಂಗತಿ ಹೇಳಿ.

ಆಮೇಲೆ ಬಂದವರೂ ಕರಗಿದರು. 1900ರ ಹೊತ್ತಿಗೆ ಎಂಟು ಸಾವಿರ ದಾಟಿದ್ದ ಕೌಂಟಿಯಲ್ಲಿ 2020ರ ಜನಗಣತಿಯಲ್ಲಿ ಸಿಕ್ಕವರು 2,572 ಜನ. 778 ಚದರ ಮೈಲಿಗೆ ಅಷ್ಟು.

ಈ ಕೌಂಟಿಯಲ್ಲಿ ರಾಷ್ಟ್ರೀಯ ಹುಲ್ಲುಗಾವಲು ಮಾಡಲು ಹೊರಟಾಗ ಆದ ಜಗಳದ ಬಗ್ಗೆ ಎರಡು ಪುಟ ಬರೆದುಕೊಂಡಿದ್ದೆ, ಎರಡು ಮಾತಲ್ಲಿ ಹೇಳುತ್ತೇನೆ. ಸರ್ಕಾರ ಬಂದು ನೆಲ ಕಿತ್ತುಕೊಳ್ಳುತ್ತದೆ ಅಂತ ದನ ಸಾಕುವವರು ವರ್ಷಗಟ್ಟಲೆ ವಿರೋಧಿಸಿದರು. ಕೊನೆಗೆ 1996ರಲ್ಲಿ ಸೆನೆಟರ್ ನ್ಯಾನ್ಸಿ ಕ್ಯಾಸೆಬಾಮ್ ಮುಂದೆ ನಿಂತು ರಾಜಿ ಮಾಡಿಸಿದರು: ಸುಮಾರು 10,900 ಎಕರೆಯ ರಕ್ಷಿತ ಹುಲ್ಲುಗಾವಲು, ಅದರಲ್ಲಿ ಸರ್ಕಾರದ ಸ್ವಂತಕ್ಕೆ 180 ಎಕರೆ ಮೀರಬಾರದು. 2009ರಲ್ಲಿ ಅಲ್ಲಿಗೆ 13 ಬೈಸನ್‌ಗಳನ್ನು ತಂದು ಬಿಟ್ಟರು. ಕಾಡುಕೋಣ ಅನ್ನಬೇಡಿ, ಅದು ನಮ್ಮ ಬಂಡೀಪುರದ ಕಾಟಿ. ಇದು ಬೇರೆ ಪ್ರಾಣಿ.

ಬಾಗಿಲಲ್ಲಿ ಮಾತಾಡಿದ ಆ ಹುಡುಗ ಎಲ್ಲಿ? ಹಾಂ, ಅಲ್ಲಿದ್ದಾನೆ. ನೋಡು ಮಗು, ವಾಪಸ್ ಹೋಗುವಾಗ ಎಂಪೋರಿಯಾದಲ್ಲಿ ಹೆದ್ದಾರಿ ಬಿಟ್ಟು ಪಶ್ಚಿಮಕ್ಕೆ ಸ್ಟ್ರಾಂಗ್ ಸಿಟಿಗೆ ಹೋಗಲು ಅಪ್ಪನಿಗೆ ಹೇಳು. ಅಲ್ಲಿಂದ 177ನೇ ರಸ್ತೆಯಲ್ಲಿ ಉತ್ತರಕ್ಕೆ ಎರಡು ಮೈಲಿ ಹೋದರೆ ಎಡಗಡೆ ಕಲ್ಲಿನ ದೊಡ್ಡ ಕೊಟ್ಟಿಗೆ ಕಾಣುತ್ತದೆ. ನಾನು ಹೇಳಿದ ರಕ್ಷಿತ ಹುಲ್ಲುಗಾವಲು ಅದೇ. ಗೇಟು ದಾಟಿ ಗುಡ್ಡ ಹತ್ತು. ನೀರು ತೊಗೊಂಡು ಹೋಗು, ನೆರಳಿಲ್ಲ. ಬೈಸನ್ ಕಂಡರೆ ನೂರು ಗಜ ದೂರ ನಿಲ್ಲು. ಮುಂದಿನ ಸಲ ಸಿಕ್ಕಾಗ ಅಲ್ಲಿ ಏನೇನು ಕಂಡೆ ಅಂತ ನನಗೆ ಹೇಳಬೇಕು, ಆಯ್ತಾ?

ನಮಸ್ಕಾರ.