ಗೋಡೆಗೆ ಯಾವ ಬಣ್ಣ ಬೇಕು?

ಎಲ್ಲರಿಗೂ ನಮಸ್ಕಾರ. ಯುವಕೇಂದ್ರಗಳು ಮುಂದೆ ಹೇಗಿರಬೇಕು ಅಂತ ಮಾತಾಡಲು ಸೇರಿದ್ದೇವೆ. ವೇದಿಕೆ ಮೇಲಿರುವ ಐದು ಜನರ ವಯಸ್ಸು ಕೂಡಿಸಿದರೆ ಮುನ್ನೂರರ ಹತ್ತಿರ ಬರುತ್ತದೆ. ಅದರಲ್ಲಿ ನನ್ನ ಪಾಲೇ ಜಾಸ್ತಿ. ನಗಬೇಡಿ, ಇವತ್ತಿನ ವಿಷಯವೇ ಅದು.

ಒಂದು ಹಳೇ ಕತೆ ಹೇಳಿಬಿಡುತ್ತೇನೆ. ಕೆಲವರು ಆಗಲೇ ಕೇಳಿದ್ದೀರಿ, ಸಹಿಸಿಕೊಳ್ಳಿ. ನಾನು ಕೆಲಸಕ್ಕೆ ಸೇರಿದ ಹೊಸದು. ಒಂದು ಯುವಕೇಂದ್ರದ ಹುಡುಗ ಹುಡುಗಿಯರ ಅಭಿಪ್ರಾಯ ಕೇಳಿಕೊಂಡು ಬನ್ನಿ ಅಂದರು. ಉತ್ಸಾಹದಿಂದ ಹದಿನಾಲ್ಕು ಪ್ರಶ್ನೆಗಳ ಫಾರಂ ಮಾಡಿದೆ. ಗೋಡೆಗೆ ಯಾವ ಬಣ್ಣ ಬೇಕು? ನೀಲಿ, ಹಸಿರು, ಹಳದಿ, ಟಿಕ್ ಹಾಕಿ. ಕೂರಲು ಕುರ್ಚಿಯೋ ಬೆಂಚೋ? ಎಲ್ಲವೂ ಇಂಥವೇ. ಒಬ್ಬ ಹುಡುಗಿ ಒಂದಕ್ಕೂ ಟಿಕ್ ಹಾಕದೆ ಫಾರಂ ವಾಪಸ್ ಕೊಟ್ಟಳು. ತಿರುಗಿಸಿ ನೋಡಿದೆ. ಹಿಂದುಗಡೆ ಪೆನ್ಸಿಲ್‌ನಲ್ಲಿ ಬರೆದಿದ್ದಳು: ‘ನೀವು ಬಾಗಿಲು ಹಾಕೋದು ಆರಕ್ಕೆ. ನಾನು ಕೆಲಸ ಬಿಡೋದು ಆರೂವರೆಗೆ. ಬಣ್ಣ ಯಾವುದಾದ್ರೇನು?’ ಅವತ್ತು ಅವಳಿಗೆ ರಜೆಯಂತೆ. ಅದಕ್ಕೇ ನನಗೆ ಸಿಕ್ಕಿದ್ದಳು.

ನಾನೇನು ಮಾಡಿದೆ? ನನ್ನ ಪಟ್ಟಿಯಲ್ಲಿ ಅದಕ್ಕೆ ಕಾಲಂ ಇರಲಿಲ್ಲ. ‘ಇತರೆ: 1’ ಅಂತ ಬರೆದು ಕೈ ತೊಳೆದುಕೊಂಡೆ. ಆರಕ್ಕೆ ಮುಚ್ಚುವುದು ಅಂತ ಮೇಲಿನವರು ಮೊದಲೇ ತೀರ್ಮಾನ ಮಾಡಿದ್ದರು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ನಾವು ಬಾಗಿಲು ಹಾಕಿಯೇ ಬಣ್ಣ ಕೇಳಲು ಹೊರಟಿದ್ದೆವು. ಕೇಳುವುದಾದರೆ ತೀರ್ಮಾನಕ್ಕೆ ಮುಂಚೆ ಕೇಳಿ ಸ್ವಾಮಿ!

ಎಳೆಯರನ್ನು ನಾವು ಎಷ್ಟರಮಟ್ಟಿಗೆ ಪಾಲ್ಗೊಳ್ಳಲು ಬಿಡುತ್ತೇವೆ ಅಂತ ಅಳೆಯುವ ರೋಜರ್ ಹಾರ್ಟ್ ಅವರ ಏಣಿ ನಿಮಗೆ ಗೊತ್ತಿದೆ. 1992ರಲ್ಲಿ ಯುನಿಸೆಫ್‌ಗೆ ಬರೆದದ್ದು, ಎಂಟು ಮೆಟ್ಟಿಲು. ಎಳೆಯರನ್ನು ದಾಳವಾಗಿಸುವುದು, ಅಲಂಕಾರಕ್ಕೆ ಕೂರಿಸುವುದು, ಹೆಸರಿಗಷ್ಟೇ ಕೇಳುವುದು, ಕೆಳಗಿನ ಈ ಮೂರನ್ನು ಅವರು ಪಾಲ್ಗೊಳ್ಳುವಿಕೆ ಅಂತ ಒಪ್ಪುವುದೇ ಇಲ್ಲ. ನನ್ನ ಫಾರಂ ಮೂರನೆಯದರಲ್ಲಿತ್ತು, ಅದೂ ಧಾರಾಳವಾಗಿ ಅಂಕ ಕೊಟ್ಟರೆ. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿಯೂ ಸುಮ್ನೆ ಮಾತಾಡಲು ಬಿಡಿ ಅಂದು ನಿಲ್ಲುವುದಿಲ್ಲ. ವಯಸ್ಸು, ತಿಳಿವಳಿಕೆ ನೋಡಿ ಆ ಮಾತಿಗೆ ತೂಕ ಕೊಡಿ ಅನ್ನುತ್ತದೆ. ‘ಇತರೆ: 1’ ಎಷ್ಟು ತೂಗುತ್ತದೆ, ಹೇಳಿ?

2014ರಲ್ಲಿ ಬಾಸ್ಟನ್ ನಗರಾಡಳಿತ ಹತ್ತು ಲಕ್ಷ ಡಾಲರ್ ತೆಗೆದಿಟ್ಟು, ಎಲ್ಲಿ ಖರ್ಚು ಮಾಡೋಣ ಅಂತ ಯುವಜನರಿಂದಲೇ ಮತ ಹಾಕಿಸಿತು. ಮೆಚ್ಚಬೇಕಾದದ್ದೇ. ಆದರೆ ಅದು ಕಾಮಗಾರಿಗಳ ದುಡ್ಡು, ಸಂಬಳದ್ದಲ್ಲ. ನನ್ನ ಹುಡುಗಿಗೆ ಬೇಕಿದ್ದದ್ದು ಇನ್ನೆರಡು ಗಂಟೆ ಬಾಗಿಲು ತೆಗೆದು ಕೂರುವ ಒಬ್ಬ ಮನುಷ್ಯ. ಅಲ್ಲಿಗೆ ಬಂದರೆ ನಾವೆಲ್ಲ ಗಡಿಯಾರ ನೋಡುತ್ತೇವೆ.

ಗಡಿಯಾರ ಅಂದೆ, ಚೀಟಿ ಬಂದೇ ಬಂತು. ಇನ್ನೂ ಮೂರು ಅಂಶ ಬಾಕಿ, ಓಡಿಸುತ್ತೇನೆ. ಕೇಂದ್ರಕ್ಕೆ ಬಾರದವರನ್ನು ಹುಡುಕಿಕೊಂಡು ಹೋಗಿ ಕೇಳಿ. ದುಡ್ಡು ಎಷ್ಟಿದೆ ಅಂತ ಮುಚ್ಚಿಡಬೇಡಿ, ಹದಿನಾರರವರಿಗೂ ಲೆಕ್ಕ ಬರುತ್ತದೆ ಅಲ್ವಾ? ಮೂರನೆಯದು, ಮತ್ತೆ ಹೋಗಿ ಹೇಳಿ: ಇದು ಆಯ್ತು, ಇದು ಆಗಲಿಲ್ಲ, ಕಾರಣ ಇದು. ನಾನು ಆ ಹುಡುಗಿಯ ಹತ್ತಿರ ಮತ್ತೆ ಹೋಗಲೇ ಇಲ್ಲ.

ಅಂದ ಹಾಗೆ, ನೀಲಿ ಗೆದ್ದಿತ್ತು. ಬಳಿದದ್ದು ಹಳದಿ. ಗೋದಾಮಿನಲ್ಲಿ ಅದೇ ಉಳಿದಿತ್ತಂತೆ.