ಎಲ್ಲಾ ಗೊತ್ತಂತೆ! ಏನು ಗೊತ್ತು, ಹೇಳಿ ನೋಡೋಣ

ನಮಸ್ಕಾರ, ನಮಸ್ಕಾರ. ಒಳಗೆ ಒಲೆ ಮೇಲೆ ಬೇಳೆ ಇಟ್ಟು ಬಂದಿದೀನಿ. ಕುಕ್ಕರ್ ಮೂರು ಸಲ ಕೂಗೋದ್ರೊಳಗೆ ಮುಗಿಸ್ಬೇಕು ಅಂತ ಕೂತಿದೀನಿ. ಮುಗಿಯಲ್ಲ, ನನಗೇ ಗೊತ್ತು. ಯಾಕಂದ್ರೆ ಇವತ್ತು ಸಿಟ್ಟು ಬಂದಿದೆ.

ಹೋದ ವಾರ ಹಾಸ್ಟೆಲ್ ಹುಡುಗೀರ ಆರೋಗ್ಯದ ಬಗ್ಗೆ ಎಪಿಸೋಡ್ ಮಾಡಿದ್ನಲ್ಲ, ಅದರಲ್ಲಿ ಎರಡೇ ಎರಡು ನಿಮಿಷ ಗರ್ಭನಿರೋಧಕದ ಮಾತು ಬಂತು. ಮೆಸ್ಸಿನ ಸಾಂಬಾರ್ ಬಗ್ಗೆ ಹತ್ತು ನಿಮಿಷ ಕೊರೆದಿದ್ದೆ, ಅದಕ್ಕೆ ಯಾರೂ ಬಯ್ಯಲಿಲ್ಲ. ಈ ಎರಡು ನಿಮಿಷಕ್ಕೆ ಒಬ್ಬ ಮಹಾಶಯರು ಕಾಮೆಂಟ್ ಹಾಕಿದಾರೆ. ಓದ್ತೀನಿ ಕೇಳಿ. "ಮೇಡಂ, ಡಿಗ್ರಿ ಓದೋ ಹೆಣ್ಣುಮಕ್ಕಳಿಗೆ ಇದನ್ನೆಲ್ಲಾ ಯಾಕೆ ಹೇಳ್ಕೊಡ್ತೀರಾ? ಈಗಿನ ಕಾಲದವರಿಗೆ ಎಲ್ಲಾ ಗೊತ್ತು." ಕೊನೆಗೆ ಕೈಮುಗಿಯೋ ಇಮೋಜಿ. ಮೂರು.

ಅಣ್ಣಾ, ಎಲ್ಲಾ ಗೊತ್ತಿದ್ರೆ ನಾನು ಹೇಳೋದ್ರಿಂದ ಏನು ನಷ್ಟ? ನಷ್ಟ ಇದೆ ಅಂದ್ರೆ ಅವರಿಗೆ ಗೊತ್ತಿಲ್ಲ ಅಂತ ತಾನೆ? ಒಂದೇ ಕಾಮೆಂಟಲ್ಲಿ ಎರಡು ದೋಣಿ ಮೇಲೆ ಕಾಲಿಟ್ಟಿದೀರಲ್ಲ, ಈಜು ಬರುತ್ತಾ?

ಆ "ಎಲ್ಲಾ ಗೊತ್ತು" ಅನ್ನೋ ಮಾತಿದೆಯಲ್ಲ, ನನಗೆ ತಲೆ ಕೆಡಿಸಿರೋದು ಅದೇ. ಹೆಸರು ಗೊತ್ತಿರೋದು ಗೊತ್ತಿರೋದಲ್ಲ. ಮೈಸೂರ್ ಪಾಕ್ ಹೆಸರು ಯಾರಿಗೆ ಗೊತ್ತಿಲ್ಲ ಹೇಳಿ. ಹೋಗಿ ಮಾಡಿ ನೋಡಿ. ಒಂದೆಳೆ ಪಾಕ ಯಾವಾಗ ಬಂತು, ಕಡಲೆಹಿಟ್ಟು ಯಾವಾಗ ಹಾಕ್ಬೇಕು ಅನ್ನೋದು ಗೊತ್ತಿಲ್ದೆ ಇದ್ರೆ ತಟ್ಟೆಯಲ್ಲಿ ಇಟ್ಟಿಗೆ ಸಿಗುತ್ತೆ. ನಮ್ಮನೇಲಿ ಹೋದ ದೀಪಾವಳಿಗೆ ಸಿಕ್ಕಿತ್ತು, ಇನ್ನೂ ಒಂದು ತುಂಡು ಬಾಗಿಲಿಗೆ ಅಡ್ಡ ಇಟ್ಕೊಂಡಿದೀವಿ.

ಇದು ನನ್ನ ಹಟ ಮಾತ್ರ ಅಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಅಂತ ಸರ್ಕಾರನೇ ಮಾಡಿಸುತ್ತೆ. 2019ರಿಂದ 21ರವರೆಗೆ ನಡೆದಿದ್ದು ಐದನೇದು. ಅದರ ಪ್ರಕಾರ ಮದುವೆಯಾದ ಹೆಂಗಸರಲ್ಲಿ ನೂರಕ್ಕೆ 99 ಜನರಿಗೆ ಒಂದಾದ್ರೂ ಗರ್ಭನಿರೋಧಕ ವಿಧಾನ ಗೊತ್ತು. ನೂರಕ್ಕೆ ತೊಂಬತ್ತೊಂಬತ್ತು! ಡಿಸ್ಟಿಂಕ್ಷನ್ನು! ಆದ್ರೆ ಅಲ್ಲಿ ಕೇಳೋ ಪ್ರಶ್ನೆ ಏನು? "ಇದರ ಬಗ್ಗೆ ಕೇಳಿದೀರಾ?" ಅಂತ. ಕೇಳಿದೀನಿ ಅಂದ್ರೆ ಗೊತ್ತು ಅಂತ ಲೆಕ್ಕ. ಹಂಗಾದ್ರೆ ನನಗೆ ರಾಕೆಟ್ ಸೈನ್ಸೂ ಗೊತ್ತು, ಇಸ್ರೋದವರು ಫೋನ್ ಮಾಡ್ಲಿ.

ಈಗ ಮನೆ ವಿಷಯಕ್ಕೆ ಬರ್ತೀನಿ. ನನ್ನ ಅಕ್ಕನ ಮಗಳು ಫೈನಲ್ ಇಯರ್ ಬಿಎಸ್ಸಿ. ಸೆಕೆಂಡ್ ಪಿಯುಸಿ ಬಯಾಲಜಿಯಲ್ಲಿ ರಿಪ್ರೊಡಕ್ಟಿವ್ ಹೆಲ್ತ್ ಅಂತ ಒಂದು ಪಾಠನೇ ಇದೆ, ಓದಿ ಪಾಸಾಗಿದಾಳೆ. ಅಂಡಾಶಯದ ಚಿತ್ರ ಬಿಡಿಸು ಅಂದ್ರೆ ಸ್ಕೇಲ್ ಇಟ್ಟು ಗೆರೆ ಎಳೆದು ಭಾಗ ಗುರುತಿಸ್ತಾಳೆ. ಅವಳು ಹೋದ ತಿಂಗಳು ಫೋನ್ ಮಾಡಿ, ದನಿ ಸಣ್ಣ ಮಾಡ್ಕೊಂಡು, "ಚಿಕ್ಕಮ್ಮ, ನನ್ನ ಫ್ರೆಂಡಿಗೆ ಒಂದು ಡೌಟು" ಅಂದ್ಲು. ಫ್ರೆಂಡಿಗೆ. ಆಯ್ತು, ಫ್ರೆಂಡಿಗೇ ಇರ್ಲಿ, ನಾವೆಲ್ಲ ಆ ವಯಸ್ಸು ದಾಟಿ ಬಂದವರೇ.

ಡೌಟು ಏನಂದ್ರೆ, ಆ ಹುಡುಗಿ ಅಣ್ಣನ ಮದುವೆಗೆ ಅಂತ ಮುಟ್ಟು ಮುಂದೂಡೋ ಮಾತ್ರೆ ತಗೊಂಡಿದ್ಲಂತೆ. ದಿನಕ್ಕೆ ಮೂರು, ಎಂಟು ದಿನ. "ಅದೂ ಹಾರ್ಮೋನೇ ಅಲ್ವಾ, ಆ ಟೈಮಲ್ಲಿ ಗರ್ಭ ನಿಲ್ಲಲ್ಲ ಅಲ್ವಾ?"

ನಾನು ಕೂತಲ್ಲೇ ಕೂತೆ. ಆ ಮಾತ್ರೆ ಇರೋದು ಮುಟ್ಟು ಮುಂದೆ ಹಾಕೋಕೆ. ಹಂಗೆ ಎಂಟು ದಿನ ನುಂಗಿದ್ರೆ ಅದು ಗರ್ಭನಿರೋಧಕ ಅಂತ ನಂಬೋ ಹಾಗಿಲ್ಲ. ಸ್ವಲ್ಪ ಯೋಚನೆ ಮಾಡಿ, ಆ ಮಾತ್ರೆ ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ? ವರಮಹಾಲಕ್ಷ್ಮಿ ಹಬ್ಬ, ಗೃಹಪ್ರವೇಶ, ಧರ್ಮಸ್ಥಳಕ್ಕೆ ಹೋಗ್ಬೇಕು, ಮೆಡಿಕಲ್ಸಿಗೆ ಹೋಗಿ ಇಸ್ಕೊಂಡು ಬಾ. ಅತ್ತೆನೇ ದುಡ್ಡು ಕೊಟ್ಟು ಕಳಿಸ್ತಾರೆ! ಹಾರ್ಮೋನ್ ಮಾತ್ರೆ ದೇವರಿಗೆ ಆದ್ರೆ ಮಡಿ, ಹುಡುಗಿಗೆ ಆದ್ರೆ ಮೈಲಿಗೆ.

ಇನ್ನೊಂದಿದೆ, ಇದು ಇನ್ನೂ ಮಜಾ. ಪಿಸಿಒಡಿ, ಅದೇ ಮುಟ್ಟು ಏರುಪೇರಾಗೋ ಹಾರ್ಮೋನ್ ತೊಂದ್ರೆ, ಅದಕ್ಕೆ ಅಂತ ಡಾಕ್ಟರ್ ಬರ್ಕೊಡ್ತಾರಲ್ಲ, 21 ದಿನದ ಶೀಟು. ಅದರಲ್ಲಿ ಬಹಳಷ್ಟು ಗರ್ಭನಿರೋಧಕ ಮಾತ್ರೆಗಳೇ. ಹುಡುಗಿಗೂ ಗೊತ್ತಿರಲ್ಲ, ಅಮ್ಮನಿಗೂ ಗೊತ್ತಿರಲ್ಲ. ಅಮ್ಮನೇ ಹಾಲಿನ ಜೊತೆ ತಂದು "ನುಂಗು ಪುಟ್ಟ" ಅಂತ ಕೊಡ್ತಾರೆ. ಅದೇ ಅಮ್ಮನಿಗೆ ಮಾಲಾ-ಡಿ ಗರ್ಭನಿರೋಧಕ ಮಾತ್ರೆ ಅಂದ್ರೆ ಎದೆ ಧಸಕ್ಕನ್ನುತ್ತೆ. ಮಾಲಾ-ಡಿ ಶೀಟಲ್ಲಿ 28 ಮಾತ್ರೆ ಇರುತ್ತೆ, 21 ಹಾರ್ಮೋನಿನದು, ಉಳಿದ ಏಳು ಬರೀ ಕಬ್ಬಿಣಾಂಶದ್ದು. ಈ 21, ಏಳರ ಲೆಕ್ಕ ಎಷ್ಟು ಜನಕ್ಕೆ ಗೊತ್ತು? ಹೆಸರು ಗೊತ್ತು! ಟಿವಿಯಲ್ಲಿ ಬರ್ತಿತ್ತು!

ಹೇಳಿದ್ನಲ್ಲ, ಹೆಸರು ಗೊತ್ತಿರೋದು ಗೊತ್ತಿರೋದಲ್ಲ.

ನಡುವೆ ಒಂದು ಮಾತು, ಚಾನೆಲ್‌ಗೆ ಇನ್ನೂ ಸಬ್‌ಸ್ಕ್ರೈಬ್ ಆಗಿಲ್ಲದವರು ಆಗ್ಬಿಡಿ. ಮನೆಯವರು ನೋಡ್ತಾರೆ ಅಂತ ಭಯ ಇದ್ರೆ ಚಿಂತೆ ಬೇಡ, ಥಂಬ್‌ನೇಲಲ್ಲಿ ನಾನು ಮೈಸೂರ್ ಪಾಕ್ ಫೋಟೋನೇ ಹಾಕೋದು. ಅಡುಗೆ ಚಾನೆಲ್ ಅನ್ಕೋತಾರೆ.

ಆ ಪಿಯುಸಿ ಪಾಠಕ್ಕೆ ವಾಪಸ್ ಬರೋಣ. ಅದರಲ್ಲಿ ಸಹೇಲಿ ಅನ್ನೋ ಮಾತ್ರೆ ಬರುತ್ತೆ. ಲಖನೌದ ಸಿಡಿಆರ್‌ಐ ಅನ್ನೋ ಔಷಧ ಸಂಶೋಧನಾ ಸಂಸ್ಥೆಯವರು ಕಂಡುಹಿಡಿದಿದ್ದು, ವಾರಕ್ಕೊಂದು ಮಾತ್ರೆ ಅಂತ ಬರೆದ್ರೆ ಒಂದು ಮಾರ್ಕ್ಸ್. ಒಳ್ಳೇದು, ನಮ್ಮ ದೇಶದವರೇ ಮಾಡಿದ್ದು, ಹೆಮ್ಮೆಪಡೋಣ. ಸರ್ಕಾರಿ ಆಸ್ಪತ್ರೆಯಲ್ಲಿ ಇದೇ ಮಾತ್ರೆ ಛಾಯಾ ಅನ್ನೋ ಹೆಸರಲ್ಲಿ ಪುಕ್ಕಟೆ ಸಿಗುತ್ತೆ. ಆದ್ರೆ ಮೊದಲ ಮೂರು ತಿಂಗಳು ವಾರಕ್ಕೆ ಎರಡು ಸಲ ತಗೋಬೇಕು, ಆಮೇಲೇ ವಾರಕ್ಕೊಂದು. ಬರೀ ಮಾರ್ಕ್ಸಿಗೆ ಓದಿಕೊಂಡ ಹುಡುಗಿ ಮೊದಲ ವಾರದಿಂದಲೇ ಒಂದೊಂದು ನುಂಗ್ತಾಳೆ. ಪರೀಕ್ಷೆಯಲ್ಲಿ ಪಾಸು, ಇಲ್ಲಿ ಫೇಲು. ಪಾಕ ಎಳೆ ಬರೋ ಮೊದಲೇ ಹಿಟ್ಟು ಸುರಿದಂಗೆ!

ಹಂಗೇನೇ 72 ಗಂಟೆ. ರಕ್ಷಣೆ ಇಲ್ದೆ ಸೇರಿದ ಮೇಲೆ ತಗೊಳ್ಳೋ ತುರ್ತು ಮಾತ್ರೆ, 72 ಗಂಟೆ ಒಳಗೆ. ಈ ಸಂಖ್ಯೆ ಎಲ್ಲರಿಗೂ ಬಾಯಿಪಾಠ, ಪಿನ್‌ಕೋಡ್ ಇದ್ದಂಗೆ. ಅದಕ್ಕೇ "ಇನ್ನೂ ಮೂರು ದಿನ ಇದೆಯಲ್ಲ, ನಾಡಿದ್ದು ತಗೊಂಡ್ರಾಯ್ತು" ಅನ್ನೋ ಹುಡುಗೀರಿದಾರೆ. ಇದು ಕರೆಂಟ್ ಬಿಲ್ ಕಟ್ಟೋ ಕೊನೆ ದಿನಾಂಕ ಅಲ್ಲಮ್ಮಾ! ತಡ ಆದಷ್ಟೂ ಅದರ ಶಕ್ತಿ ಕಮ್ಮಿ. ಅದು ಮಾಡೋ ಮುಖ್ಯ ಕೆಲಸ ಅಂಡ ಬಿಡುಗಡೆ ಆಗೋದನ್ನ ತಡಮಾಡೋದು. ಆಗಲೇ ಗರ್ಭ ಕಟ್ಟಿದ್ರೆ ಅದೇನೂ ಮಾಡಲ್ಲ, ಗರ್ಭಪಾತನೂ ಮಾಡಲ್ಲ. ಒಂದು ಸಲ ನುಂಗಿದ್ರೆ ಆ ತಿಂಗಳು ಪೂರ್ತಿ ರಕ್ಷೆ ಅಂತ ತಿಳ್ಕೊಂಡವರೂ ಇದಾರೆ, ದೇವಸ್ಥಾನದಲ್ಲಿ ಕಟ್ಟಿಸ್ಕೊಂಡ ದಾರದ ಥರ.

"ಸೇಫ್ ಪೀರಿಯಡ್" ಲೆಕ್ಕ, ಅಂದ್ರೆ ಗರ್ಭ ನಿಲ್ಲದ ದಿನಗಳ ಲೆಕ್ಕ, ಇನ್ನೊಂದು ಕತೆ. ಮೊಬೈಲ್ ಆಪಲ್ಲಿ ಹಸಿರು ಬಣ್ಣ ತೋರಿಸ್ತಂತೆ, ಹಂಗಾಗಿ ಸೇಫ್. ವೀರ್ಯಾಣು ಒಳಗೆ ಐದು ದಿನದವರೆಗೂ ಬದುಕಿರಬಹುದು. ಅಂಡ ಬಿಡುಗಡೆ ಆಗೋದು ಮುಂದಿನ ಮುಟ್ಟಿಗೆ ಸುಮಾರು ಎರಡು ವಾರ ಮುಂಚೆ. ಮುಂದಿನ ಮುಟ್ಟು ಯಾವತ್ತು ಅಂತ ಇವತ್ತೇ ಹೇಗೆ ಗೊತ್ತಾಗುತ್ತೆ? ಪರೀಕ್ಷೆ ಟೆನ್ಷನ್ನಲ್ಲಿ ಹತ್ತು ದಿನ ತಡ ಆಗೋ ಹುಡುಗೀರು ನೀವು! ಆಪೇನು ಪಂಚಾಂಗನಾ?

ಈಗ ನೀವು ಕೇಳ್ತೀರಿ, ಅಮ್ಮಂದಿರು ಹೇಳ್ಕೊಡ್ಲಿ ಅಂತ. ಏನು ಹೇಳ್ಕೊಡ್ತಾರೆ ಪಾಪ? ಅದೇ ಸಮೀಕ್ಷೆ ನೋಡಿ. ಕರ್ನಾಟಕದಲ್ಲಿ ಮದುವೆಯಾದ ಹೆಂಗಸರಲ್ಲಿ ನೂರಕ್ಕೆ ಸುಮಾರು 57 ಜನ ಮಕ್ಕಳು ಸಾಕು ಅಂತ ಆಪರೇಷನ್ ಮಾಡಿಸ್ಕೊಂಡವರು. ಇಡೀ ದೇಶದ ಸರಾಸರಿ 38ರ ಹತ್ರ. ಗಂಡಸರ ಆಪರೇಷನ್ ಲೆಕ್ಕ ಹೇಳಲಾ? ಬೇಡ, ಸೊನ್ನೆ ಪಕ್ಕ ದಶಾಂಶ ಹಾಕಿ ಹುಡುಕ್ಬೇಕು. ಅಂದ್ರೆ ನಮ್ಮಮ್ಮಂದಿರ ಕತೆ ಏನು? ಮದುವೆ, ಒಂದು ಮಗು, ಎರಡನೇ ಬಾಣಂತನದಲ್ಲೇ ಆಪರೇಷನ್, ಮುಗೀತು. ಆರತಿಗೊಬ್ಬಳು, ಕೀರ್ತಿಗೊಬ್ಬ ಅಂತ ಗೋಡೆ ಮೇಲೆ ಓದಿದ್ರು, ಆರತಿಗೂ ಕೀರ್ತಿಗೂ ನಡುವೆ ಏನು ಮಾಡ್ಬೇಕು ಅಂತ ಯಾರೂ ಹೇಳ್ಲಿಲ್ಲ. ಮಾತ್ರೆ ನುಂಗ್ಲಿಲ್ಲ, ವಂಕಿ, ಅದೇ ಕಾಪರ್-ಟಿ, ಹಾಕಿಸ್ಕೊಳ್ಳಲಿಲ್ಲ. ಮಗಳಿಗೆ ದಾಟಿಸೋಕೆ ಅವರ ಹತ್ರ ಇರೋದು ಒಂದೇ ಪದ, ಆಪರೇಷನ್. ಅದೂ ಪಿಸುಮಾತಲ್ಲಿ.

ಆಶಾ ಕಾರ್ಯಕರ್ತೆಯರು ಹೇಳ್ಕೊಡ್ಲಿ ಅಂತೀರಾ? ಅವರ ಪುಸ್ತಕದಲ್ಲಿ ಇರೋ ಹೆಸರು "ಅರ್ಹ ದಂಪತಿ". ಅರ್ಹ. ದಂಪತಿ. ಇಪ್ಪತ್ತು ವರ್ಷದ ಹಾಸ್ಟೆಲ್ ಹುಡುಗಿ ಅರ್ಹಳೂ ಅಲ್ಲ, ದಂಪತಿಯೂ ಅಲ್ಲ. ಹದಿಹರೆಯದವರಿಗೆ ಸ್ನೇಹಾ ಕ್ಲಿನಿಕ್ ಇದೆ, ಆದ್ರೆ ಅದು 19ರವರೆಗೆ. ಇಪ್ಪತ್ತು ತುಂಬಿತು ಅಂದ್ರೆ ಸ್ನೇಹಾನೂ ಮುಗೀತು. ಡಾಕ್ಟರ್ ಹತ್ರ ಹೋದ್ರೆ ಮೊದಲನೇ ಪ್ರಶ್ನೆ "ಮದುವೆ ಆಗಿದ್ಯಾ?", ಎರಡನೇದು "ಅಮ್ಮ ಬಂದಿದಾರಾ?" ಎಲ್ಲ ಡಾಕ್ಟರೂ ಹಂಗಲ್ಲ ಅಂತ ಒಬ್ಬರು ಡಾಕ್ಟರ್ ಮೆಸೇಜ್ ಮಾಡಿದಾರೆ. ಸರಿ ಮೇಡಂ, ನೀವು ಒಳ್ಳೆಯವರು, ನಿಮ್ಮ ಕ್ಲಿನಿಕ್ ಹೊರಗೆ ಬೋರ್ಡ್ ಹಾಕಿ.

"ಹೇಳ್ಕೊಟ್ರೆ ಕೆಟ್ಟು ಹೋಗ್ತಾರೆ." ಬಂತು ನೋಡಿ! ನಾಯಿ ಕಚ್ಚಿದ್ರೆ ಇಂಜೆಕ್ಷನ್ ಇದೆ ಅಂತ ಗೊತ್ತಾದ್ರೆ ಜನ ನಾಯಿ ಹುಡುಕ್ಕೊಂಡು ಹೋಗ್ತಾರಾ? 2022ರ ನವೆಂಬರಲ್ಲಿ ಬೆಂಗಳೂರಿನ ಕೆಲವು ಶಾಲೆಗಳಲ್ಲಿ ಮಕ್ಕಳ ಬ್ಯಾಗ್ ತಪಾಸಣೆ ಮಾಡಿದ್ರಲ್ಲ, ನೆನಪಿದೆಯಾ? ಕಾಂಡೋಮ್ ಸಿಕ್ತು, ಮಾತ್ರೆ ಸಿಕ್ತು ಅಂತ ಟಿವಿಯವರು ಬಾಯಿ ಬಡ್ಕೊಂಡ್ರು. ಅದಕ್ಕೆ ಹದಿನೈದು ವರ್ಷ ಹಿಂದೆ, 2007ರಲ್ಲಿ, ಹದಿಹರೆಯದ ಶಿಕ್ಷಣ ಅಂತ ಕೇಂದ್ರದವರು ತಂದಿದ್ದನ್ನ ಬೇಡ ಅಂದ ರಾಜ್ಯಗಳಲ್ಲಿ ನಮ್ಮದೂ ಒಂದು. ಪಾಠ ಬೇಡ, ಬ್ಯಾಗ್ ಚೆಕಿಂಗ್ ಬೇಕು. ಭೇಷ್!

"ನಮ್ಮ ಸಂಸ್ಕೃತಿ ಮೇಡಂ." ಯಾವ ಸಂಸ್ಕೃತಿ ಅಣ್ಣಾ? 1930ರಲ್ಲಿ ನಮ್ಮ ಮೈಸೂರು ಸಂಸ್ಥಾನದ ಸರ್ಕಾರ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಕ್ಲಿನಿಕ್ ತೆರೆಯೋಕೆ ಆದೇಶ ಮಾಡಿತ್ತು. ದಸರಾ ಅಂಬಾರಿ ಮೇಲೆ ಮಹಾರಾಜರೇ ಕೂರ್ತಿದ್ದ ಕಾಲದಲ್ಲಿ! ದೇಶದ ಕುಟುಂಬ ಯೋಜನೆ ಶುರುವಾಗಿದ್ದು 1952ರಲ್ಲಿ, ನಮ್ಮದು ಅದಕ್ಕೂ ಇಪ್ಪತ್ತೆರಡು ವರ್ಷ ಮುಂಚೆ. ನಿಮಗಿಂತ ಮಹಾರಾಜರ ಸರ್ಕಾರನೇ ಮಾಡರ್ನು. ಕಾನೂನೂ ಮುಂದೆ ಹೋಯ್ತು. ಗರ್ಭಪಾತದ ಕಾಯ್ದೆಯಲ್ಲಿ ಗರ್ಭನಿರೋಧಕ ಕೈಕೊಟ್ಟ ಸಂದರ್ಭಕ್ಕೆ "ವಿವಾಹಿತೆ ಅಥವಾ ಆಕೆಯ ಗಂಡ" ಅಂತಿದ್ದಿದ್ದನ್ನ 2021ರಲ್ಲಿ ತೆಗೆದು "ಮಹಿಳೆ ಅಥವಾ ಆಕೆಯ ಸಂಗಾತಿ" ಅಂತ ಮಾಡಿದಾರೆ. 2022ರಲ್ಲಿ ಸುಪ್ರೀಂ ಕೋರ್ಟೂ ಮದುವೆ ಆಗದವರಿಗೆ ಬೇರೆ ನ್ಯಾಯ ಇಲ್ಲ ಅಂತು. ಸಂಸತ್ತಿಗೆ ಗೊತ್ತಾಗಿದೆ, ಕೋರ್ಟಿಗೆ ಗೊತ್ತಾಗಿದೆ, ನಮ್ಮ ಕಾಮೆಂಟ್ ಅಣ್ಣನಿಗೆ ಗೊತ್ತಾಗಿಲ್ಲ.

ಸೈಡ್ ಎಫೆಕ್ಟ್ ಇರುತ್ತೆ ಅಂತ ಇನ್ನೊಬ್ಬರು. ಇರುತ್ತೆ ತಾಯಿ! ಕೆಲವು ಥರದ ಮೈಗ್ರೇನ್ ಇದ್ದವರು, ರಕ್ತ ಹೆಪ್ಪುಗಟ್ಟಿದ್ದವರು ಮಾಲಾ-ಡಿಯಂಥದ್ದು ತಗೋಬಾರ್ದು. ಟಿಬಿಗೆ ಕೊಡೋ ರಿಫಾಂಪಿಸಿನ್ ತಗೊಳ್ತಿದ್ರೆ ಈ ಮಾತ್ರೆ ಸರಿಯಾಗಿ ಕೆಲಸ ಮಾಡಲ್ಲ. ಅದನ್ನೇ ತಾನೆ ನಾನು ಬಡ್ಕೊಳ್ತಿರೋದು? ಇದು ಗೊತ್ತಿರ್ಬೇಕು ಅಂತ! ಹೆಸರಲ್ಲ! ಹೆಸರು ಗೊತ್ತಿರೋದು ಗೊ...

ಕೂಗ್ತು. ಎಷ್ಟನೇದು ಅದು? ನಾಲ್ಕಾ? ಅಯ್ಯೋ, ಬೇಳೆ ಕರಗಿ ನೀರಾಯ್ತು. ನೋಡಿ, ಈ ಅಣ್ಣನಿಂದ ನಮ್ಮನೆ ಸಾರೂ ಹಾಳು. ಇರಿ, ಆಫ್ ಮಾಡಿ ಬರ್ತೀನಿ.

ಹಾಂ, ಬಂದೆ. ಎಲ್ಲಿದ್ದೆ? ಇನ್ನೂ ನಾಲ್ಕು ಪಾಯಿಂಟ್ ಬರ್ಕೊಂಡಿದ್ದೆ, ಆ ಚೀಟಿ ಮೇಲೆ ಈಗ ಸೌಟು ಕೂತಿದೆ. ಬಿಡಿ. ಶನಿವಾರ ರಾತ್ರಿ ಎಂಟಕ್ಕೆ ಲೈವ್ ಬರ್ತೀನಿ, ಒಬ್ಬರು ಸ್ತ್ರೀರೋಗ ತಜ್ಞೆ ಜೊತೆಗಿರ್ತಾರೆ. ನಾನು ಡಾಕ್ಟರಲ್ಲ, ಬರೀ ಬಾಯಿ, ಹಂಗಾಗಿ ಅವರನ್ನ ಕೇಳಿ. "ಫ್ರೆಂಡಿಗೆ ಡೌಟು" ಅಂತಲೇ ಬರೀರಿ, ಯಾರೂ ನಗಲ್ಲ. ಕಾಮೆಂಟ್ ಅಣ್ಣಾ, ನೀವೂ ಬನ್ನಿ, ಎಲ್ಲಾ ಗೊತ್ತಿರೋ ಕಾಲದವರು ತಾನೆ ನೀವು. ಗೂಗಲ್ ನೋಡ್ದೆ ಒಂದೇ ಒಂದು ಪ್ರಶ್ನೆಗೆ ಉತ್ತರ ಹೇಳಿ. ಹುಡುಗಿ ಮಾಲಾ-ಡಿ ಶೀಟಲ್ಲಿ ಹತ್ತನೇ ಮಾತ್ರೆ ಮರೆತ್ಲು, ಬೆಳಿಗ್ಗೆ ನೆನಪಾಯ್ತು. ಈಗ ಏನು ಮಾಡ್ಬೇಕು? ಸರಿ ಹೇಳಿದ್ರೆ ಮೈಸೂರ್ ಪಾಕ್ ಕಳಿಸ್ತೀನಿ. ಬಾಗಿಲಿಗೆ ಅಡ್ಡ ಇಟ್ಟಿರೋದೇ.